ಮುರಿಯದ ಕಾಲಿಗೆ ರಜೆ

ಸತ್ತಿ, 5 ಫೆಬ್ರವರಿ 1987

ಮಗ ಬಾಬು ಇಂದು ಊಟದ ಹೊತ್ತಿಗೆ ಮನೆಗೆ ಬಂದ. ವಿಧಾನಸಭೆಯ ಅಧಿವೇಶನ ನಡೆದಿದೆ, ಶನಿವಾರದ ತನಕ ಬರುವ ಹಾಗಿರಲಿಲ್ಲ. ಕುಡಚಿ ಸ್ಟೇಷನ್ನಿನಲ್ಲಿ ಇಳಿದು, ಜೀಪಿಗೆ ಹೇಳಿಕಳಿಸದೆ, ಯಾರದೋ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಬಂದಿದ್ದಾನೆ. ಶಾಸಕನಾದವನು ಚಕ್ರದ ಮೇಲಿನ ತಗಡಿನ ಮೇಲೆ ಕೂತು ಊರು ಹೊಕ್ಕಿದ್ದನ್ನು ಎಷ್ಟು ಮಂದಿ ನೋಡಿದರೋ.

"ಯಾಕ, ಸಭಾ ಮುಗೀತೇನು?" ಎಂದೆ. ಕಾಲು ತೊಳೆದುಕೊಂಡು ಹಿಂದಿನ ಕೋಣೆಗೆ ಹೋದ. ಸೊಸೆ ತಾಟು ಒಯ್ದಳು, ಹಾಗೇ ತಿರುಗಿ ತಂದಳು.

ಅವನ ಸೂಟ್‌ಕೇಸಿನಲ್ಲಿ ಈ ದಿನಚರಿ ಪುಸ್ತಕ ಸಿಕ್ಕಿತು. ಶಾಸಕರಿಗೆ ಕೊಡುವಂಥದು, ರಟ್ಟಿನ ಮೇಲೆ ಬಂಗಾರದ ಬಣ್ಣದ ಮುದ್ರೆ. ಒಂದಕ್ಷರ ಬರೆದಿಲ್ಲ. ನಮ್ಮವರು, ಬಾಬುನ ತಂದೆ, ಹದಿನಾಲ್ಕು ವರ್ಷ ಸಭೆಯಲ್ಲಿದ್ದರು, ಇಂಥ ಪುಸ್ತಕದ ಒಂದು ಪುಟ ಖಾಲಿ ಬಿಟ್ಟವರಲ್ಲ. ಇದು ಹಾಳಾಗುವುದು ಬೇಡವೆಂದು ನಾನೇ ಬರೆಯುತ್ತಿದ್ದೇನೆ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಮುಗಿಸಿದವಳು ನಾನು. ಅಕ್ಷರ ಈಗಲೂ ದುಂಡಗಿದೆ.

7 ಫೆಬ್ರವರಿ

ಬೆಂಗಳೂರಿನಿಂದ ಪಾರಿಸ ಬಂದ. ನಮ್ಮವರ ಕಾಲದಿಂದ ಕಾಗದಪತ್ರ ನೋಡಿಕೊಳ್ಳುವವನು, ಈಗ ಬಾಬುನ ಜೊತೆಗಿದ್ದಾನೆ. ಚಹಾ ಮುಟ್ಟದೆ ತಲೆ ತಗ್ಗಿಸಿ ಕೂತ.

"ಅಕ್ಕಾರ, ಮಂಗಳವಾರ ಪ್ರಶ್ನೋತ್ತರದಾಗ ನಮ್ಮ ಪ್ರಶ್ನೆ ಬಂದಿತ್ತ್ರಿ. ನೂರಾ ಹದಿನೇಳನೇದು. ಹೊಳಿ ನೀರು ಎತ್ತೂ ಯೋಜನಾದ್ದು."

"ಗೊತ್ತೈತಿ. ಆ ಪ್ರಶ್ನೆ ಬರದಕಿ ನಾನ."

ಎದ್ದು ನಿಂತು ಬರೀ ಸಂಖ್ಯೆ ಹೇಳಿದರೆ ಸಾಕು, ಉತ್ತರ ಮಂತ್ರಿ ಓದುತ್ತಾರೆ. ಬಾಬು ಎದ್ದನಂತೆ. ಗಂಟಲು ಆಡಿತು, ದನಿ ಹೊರಗೆ ಬರಲಿಲ್ಲ. ಸಭಾಧ್ಯಕ್ಷರು ಎರಡು ಸಲ ಹೆಸರು ಹಿಡಿದು ಕರೆದರು. ಆಗ ಎದುರಿನ ಸಾಲಿನಿಂದ ಯಾರೋ ಒಬ್ಬ, "ಪ್ರಶ್ನೆ ಸತ್ತಿಯಿಂದ ನಡಕೋತ ಬರಾಕತ್ತೈತ್ರಿ, ಸಂಜೀಗೆ ಮುಟ್ಟತೈತಿ" ಎಂದ. ಇಡೀ ಸಭೆ ನಕ್ಕಿತು. ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಕರೆದರು. ಇವನು ಕೂಡಲಿಲ್ಲ. ಇನ್ನೂ ಮೂರು ಪ್ರಶ್ನೆ ಮುಗಿಯುವ ತನಕ ಹಾಗೇ ನಿಂತಿದ್ದ. ಪಕ್ಕದವರು ಅಂಗಿ ಹಿಡಿದು ಕೂಡಿಸಿದರಂತೆ.

ನಮ್ಮವರು ಊಟದ ತಾಟಿನ ಮುಂದೆ ಜೋಳದ ಕಾಳು ಸಾಲಾಗಿ ಇಟ್ಟು ನನಗೆ ಆ ಸಭೆಯನ್ನು ತೋರಿಸುತ್ತಿದ್ದರು. ಕುದುರೆ ಲಾಳದ ಹಾಗೆ ಸಾಲುಗಳು. ಎತ್ತರದಲ್ಲಿ ಸಭಾಧ್ಯಕ್ಷರು, ಅವರ ಬಲಗಡೆ ಸರಕಾರ, ಎಡಗಡೆ ವಿರೋಧಿಗಳು. ಮಂತ್ರಿಗಳು ಮುಂದೆ, ಹೊಸಬರು ಹಿಂದೆ. ಆರಿಸಿ ಬಂದವರು ಇನ್ನೂರ ಇಪ್ಪತ್ತನಾಲ್ಕು, ನೇಮಕವಾದವರು ಒಬ್ಬರು. ಸಭಾಧ್ಯಕ್ಷರು ಎದ್ದರೆ ಮುಖ್ಯಮಂತ್ರಿಯೂ ಕೂಡಬೇಕು. "ನನಗ ಮೂರನೇ ಸಾಲ ಸಿಗಾಕ ಹತ್ತು ವರ್ಷ ಹಿಡೀತು ನೋಡು" ಎನ್ನುತ್ತಿದ್ದರು. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಪಕ್ಷದವರು ಬೇರೆಯವರನ್ನು ನಿಲ್ಲಿಸಲು ಹೊರಟಾಗ, ಈ ಜಾಗ ಈ ಮನೆಯದು ಎಂದು ಹೇಳಿದವಳು ನಾನು. ಬಾಬು ಆಗ ದ್ರಾಕ್ಷಿ ಗಿಡ ಕತ್ತರಿಸುತ್ತಿದ್ದ. ಕತ್ತರಿ ಕೆಳಗಿಡಿಸಿ ಉಪಚುನಾವಣೆಗೆ ಅರ್ಜಿ ಹಾಕಿಸಿದೆ, ಆರಿಸಿ ಬಂದ.

ಹಾಕಿಸಿದ್ದು ತಪ್ಪಲ್ಲ. ಒಂದು ಸಂಖ್ಯೆ ಹೇಳಲು ಬಾರದ ಮಗನನ್ನು ನಾನು ಹೆತ್ತಿಲ್ಲ.

9 ಫೆಬ್ರವರಿ

ಹೋಗುವುದಿಲ್ಲ ಎಂದು ಅವನು ಹೇಳುವುದೂ ಇಲ್ಲ, ಏಳುವುದೂ ಇಲ್ಲ. ಸ್ನಾನ ಮಾಡು ಎಂದರೆ ಮಾಡುತ್ತಾನೆ. ಉಣ್ಣು ಎಂದರೆ ಎರಡು ತುತ್ತು ಉಣ್ಣುತ್ತಾನೆ. ಉಳಿದ ಹೊತ್ತು ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಿರುತ್ತಾನೆ. ಬೆದರಿಸಿದೆ, ತಂದೆಯ ಹೆಸರು ಹೇಳಿದೆ.

ಸೊಸೆ ಮಹಾನಂದಾ ಅಡಿಗೆಮನೆಯಲ್ಲಿ ನನ್ನ ಹತ್ತಿರ ಬಂದು, "ಅತ್ತಿ, ಮಿರಜದಾಗ ಮನಸಿನ ಡಾಕ್ಟರ್ ಒಬ್ರು ಅದಾರಂತ್ರಿ. ಕರಕೊಂಡು ಹೋಗೂಣ್ರಿ" ಎಂದಳು.

"ಮಿರಜದ ದವಾಖಾನಿ ಬಾಕಿನ ಮ್ಯಾಲ ಅರ್ಧಾ ಅಥಣಿ ತಾಲೂಕ ಕುಂತಿರತೈತಿ. ಅಲ್ಲಿ ನನ್ನ ಮಗನ್ನ ಕುಂದರಿಸಲೇನು?"

"ಕುಂತ್ರ ಏನಾಕ್ಕೈತ್ರಿ?"

ಈ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಹೀಗೆ ತಿರುಗಿ ಕೇಳಿದ್ದು ಇದೇ ಮೊದಲು.

11 ಫೆಬ್ರವರಿ

ನಮ್ಮವರ ಕಪಾಟಿನಿಂದ ನಿಯಮಗಳ ಪುಸ್ತಕ ತೆಗೆದು ಓದಿದೆ. ಸದಸ್ಯನು ಅಪ್ಪಣೆಯಿಲ್ಲದೆ ಅರವತ್ತು ದಿನ ಸಭೆಗೆ ಬಾರದಿದ್ದರೆ ಅವನ ಸ್ಥಾನ ಖಾಲಿ ಎಂದು ಸಭೆ ಸಾರಬಹುದು. ಅಪ್ಪಣೆ ಬೇಕಾದರೆ ಕಾರಣ ಬರೆದು ಸಭಾಧ್ಯಕ್ಷರಿಗೆ ಕಳಿಸಬೇಕು. ಅವರು ಅದನ್ನು ಸಭೆಯಲ್ಲಿ ಓದುತ್ತಾರೆ, ಸಭೆ ಒಪ್ಪಬೇಕು.

"ಪ್ರಕೃತಿ ಸರಿ ಇಲ್ಲ ಅಂತ ಬರದ್ರ ಸಾಕ್ರಿ ಅಕ್ಕಾರ" ಎಂದ ಪಾರಿಸ.

ಸಾಲದು. ಅವತ್ತು ನಕ್ಕವರೇ ಅಲ್ಲಿ ಕೂತಿರುತ್ತಾರೆ. ಸರಿ ಇಲ್ಲದ್ದು ಮೈಯೋ ಮನಸ್ಸೋ ಎಂದು ಎಲ್ಲರಿಗೂ ತಿಳಿಯುತ್ತದೆ. ನಾನೇ ಕಾಗದ ಬರೆದೆ. ದ್ರಾಕ್ಷಿ ತೋಟದಲ್ಲಿ ಕಾಲು ಜಾರಿ ಬಿದ್ದು ಎಡಗಾಲಿನ ಎಲುಬು ಮುರಿದಿರುವುದರಿಂದ ಈ ಅಧಿವೇಶನ ಮುಗಿಯುವವರೆಗೆ ಗೈರುಹಾಜರಿಗೆ ಅನುಮತಿ ಬೇಕೆಂದು.

ಬಾಬುನ ಮುಂದೆ ಹಿಡಿದೆ. ನಾನು ಬೆರಳಿಟ್ಟಲ್ಲಿ ಸಹಿ ಮಾಡಿದ. ಓದಲಿಲ್ಲ.

17 ಫೆಬ್ರವರಿ

ಮಧ್ಯಾಹ್ನ ಪಾರಿಸ ಬೆಂಗಳೂರಿನಿಂದ ಟ್ರಂಕ್ ಕಾಲ್ ಮಾಡಿದ. ಪ್ರಶ್ನೋತ್ತರ ಮುಗಿದ ಮೇಲೆ ಸಭಾಧ್ಯಕ್ಷರು ಕಾಗದ ಓದಿದರು, ಸದಸ್ಯರು ಬೇಗ ಗುಣವಾಗಲಿ ಎಂದರು. ಅನುಮತಿ ಕೊಡಬಹುದೇ ಎಂದು ಕೇಳಿದಾಗ ಎರಡೂ ಕಡೆಯವರು ಹೌದು ಎಂದರು. ಯಾರೂ ನಗಲಿಲ್ಲ.

ನಾನು ಬರೆದ ವಾಕ್ಯ ಆ ಸಭೆಯ ಕಡತ ಸೇರಿತು. ಇವತ್ತು ಹೊಟ್ಟೆತುಂಬ ಉಂಡೆ.

20 ಫೆಬ್ರವರಿ

ಪತ್ರಿಕೆಯಲ್ಲಿ ಎರಡು ಗೆರೆ ಬಂದಿತ್ತು. ಅಷ್ಟೇ ಸಾಕಾಯಿತು.

ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಕಡೆ ಒಬ್ಬನ ಕೈಕಾಲು ಮುರಿದರೆ ಮಾತಾಡಿಸಲು ಹೋಗದವನನ್ನು ಜನ ಮನುಷ್ಯನೆಂದು ತಿಳಿಯುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ಹದಿನೈದು ಮಂದಿ, ಕೈಯಲ್ಲಿ ಬಾಳೆಹಣ್ಣು, ಎಳನೀರು. ರಾಯಬಾಗದಿಂದ ಒಂದು ಟ್ರ್ಯಾಕ್ಟರ್ ತುಂಬ ಬಂದಿದ್ದರು. ಮಲಗಿದ್ದಾನೆ ಎಂದು ಹೇಳಿ ಚಹಾ ಕೊಟ್ಟು ಕಳಿಸಿದೆ. ನಾಳೆ ಈ ಮಾತು ನಡೆಯುವುದಿಲ್ಲ.

ಮೊಮ್ಮಕ್ಕಳಿಬ್ಬರನ್ನೂ ನಿಪ್ಪಾಣಿಗೆ, ಸೊಸೆಯ ತವರಿಗೆ ಕಳಿಸಿಬಿಟ್ಟೆ. ಮಕ್ಕಳ ಬಾಯಿ ಕಟ್ಟಲಾಗುವುದಿಲ್ಲ. ಸಂಜೆ ಎಲುಬು ಕಟ್ಟುವ ಹಾಲಸಿದ್ದನನ್ನು ಕರೆಸಿದೆ.

"ಅವ್ವಾರ, ಮುರದದ್ದು ಕಟ್ಟೇನಿ, ಉಳುಕಿದ್ದು ಕಟ್ಟೇನಿ. ಗಟ್ಟಿ ಕಾಲ ಕಟ್ಟು ಅಂದವ್ರು ನೀವ ಮೊದಲ್ರಿ."

"ಕಟ್ಟು ಅಂದ್ರ ಕಟ್ಟು."

"ಕಟ್ತೇನ್ರಿ. ನಾಕು ಅಂಡಾ ತರಸ್ರಿ, ಪಟ್ಟಿಗೆ ಹಚ್ಚಾಕ."

"ಲಿಂಗದ ಮನ್ಯಾಗ ಅಂಡಾ ತರ್ತೀಯೇನಲೇ?"

"ಎಲುಬಿಗೇನ್ ಗೊತ್ತ್ರಿ ನಿಮ್ಮ ಮಡಿ."

"ಎಲುಬ ಮುರದಿಲ್ಲಲ್ಲೋ! ಉದ್ದಿನ ಹಿಟ್ಟಿನಾಗ ಕಟ್ಟು."

ಬಿದಿರ ದಬ್ಬೆ ಇಟ್ಟು, ಹಿಟ್ಟು ಮೆತ್ತಿದ ಬಟ್ಟೆಯನ್ನು ಪಾದದಿಂದ ತೊಡೆಯ ತನಕ ಸುತ್ತಿದ. ಬಾಬು ಕಾಲು ಚಾಚಿ ಕೊಟ್ಟ, ಚಿಕ್ಕಂದಿನಲ್ಲಿ ಹೊಸ ಚಪ್ಪಲಿ ಹಾಕುವಾಗ ಕೊಡುತ್ತಿದ್ದ ಹಾಗೆ. ಯಾಕೆ ಎಂದೂ ಕೇಳಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

27 ಫೆಬ್ರವರಿ

ಶಿವರಾತ್ರಿಗೆಂದು ಯಡೂರಿನ ವೀರಭದ್ರನಿಗೆ ಹೋದವರೆಲ್ಲ ತಿರುಗಿ ಬರುವಾಗ ಇಲ್ಲಿಗೂ ಬಂದರು. ಪಡಸಾಲೆಯಲ್ಲಿ ಮಂಚ ಹಾಕಿಸಿ ಬಾಬುನನ್ನು ಒರಗಿಸಿದ್ದೇನೆ. ಜನ ಬರುತ್ತಾರೆ, ದಬ್ಬೆ ಮುಟ್ಟುತ್ತಾರೆ, ತಮ್ಮ ಮನೆಯಲ್ಲಿ ಮುರಿದದ್ದೆಲ್ಲ ಹೇಳುತ್ತಾರೆ. ಅವನು ಮಾತಾಡದಿದ್ದರೆ, ಪಾಪ ನೋವು ಬಹಳ ಎನ್ನುತ್ತಾರೆ. ನನಗೆ ಹಗುರಾಯಿತು.

ಓಣಿಯ ಮುದುಕಿ ಲಗಮವ್ವ ಮಾತ್ರ ಕಾಲಿನ ಬೆರಳು ಹಿಸುಕಿ ನೋಡಿದಳು. "ಬಾತಿಲ್ಲ ಬಿಡ ಗೌರಾಬಾಯಿ. ನಮ್ಮ ಹೋರಿ ಕಾಲ ಮುರದಾಗ ಕುಂಬಳಕಾಯಿ ಆಗಿತ್ತು."

"ನನ್ನ ಮಗಾ ಹೋರಿ ಅಲ್ಲ."

"ಅಲ್ಲ ಬಿಡು. ಹೋರಿ ಆದ್ರೂ ಒದೀತಿತ್ತು" ಎಂದು ಅವನ ಮುಖವನ್ನೇ ನೋಡುತ್ತ ಕೂತಳು. ಹೋಗುವಾಗ ಅವನ ತಲೆ ಸವರಿದಳು, ಕಾಲನ್ನಲ್ಲ.

ಆ ಮುದುಕಿಯನ್ನು ಇನ್ನು ಒಳಗೆ ಬಿಡಬಾರದು.

9 ಮಾರ್ಚ್

ದ್ರಾಕ್ಷಿ ಕೊಯ್ಲು ಮುಗಿಯಿತು. ಪ್ರತಿ ವರ್ಷ ಬುಟ್ಟಿ ಬುಟ್ಟಿ ತಾನೇ ನೋಡುತ್ತಿದ್ದವನು ಈ ವರ್ಷ ಕೇಳಲಿಲ್ಲ. ಒಂದು ಗೊಂಚಲು ತಂದು ಕೈಯಲ್ಲಿಟ್ಟೆ. ಸಂಜೆಯ ತನಕ ಕೈಯಲ್ಲೇ ಇತ್ತು.

14 ಮಾರ್ಚ್

ಇವತ್ತು ಬಾಬು ತಾನಾಗಿ ಮಾತಾಡಿದ. "ಅವ್ವ, ಕಾಲು ನೋಯಾಕತ್ತೈತಿ."

ಯಾರೂ ಇರಲಿಲ್ಲ. ಮನೆಯವರೇ ಇದ್ದೆವು.

"ಯಾವ ಕಾಲೋ?" ಎಂದೆ.

"ಮುರದದ್ದು."

ಹಾಲಸಿದ್ದನಿಗೆ ಹೇಳಿದಾಗ ಅವನು ದಬ್ಬೆಯ ಸಂದಿಯಲ್ಲಿ ಬೆರಳು ತೂರಿಸಿ ನೋಡಿದ. "ಬಿಚ್ಚೂಣ್ರಿ ಅವ್ವಾರ. ದುಡಿಯೂ ಕಾಲ ಕಟ್ಟಿಟ್ರ ಸೊರಗತೈತ್ರಿ. ತೊಗಲೂ ಬೆಂದೈತಿ." ನಾನು ಬೇಡವೆಂದೆ. ಯುಗಾದಿ ಹತ್ತಿರ ಬಂತು, ಜನ ಬರುತ್ತಾರೆ. ಎಲುಬು ಕೂಡುವುದಕ್ಕೆ ಒಂದೂವರೆ ತಿಂಗಳಾದರೂ ಬೇಕೆಂದು ಎಲ್ಲರಿಗೂ ಗೊತ್ತು.

ಸೊಸೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬೇಕಾದದ್ದನ್ನು ಗೋಡೆಗೆ ಹೇಳುತ್ತಾಳೆ. ಮನೆಯಲ್ಲಿ ಗೋಡೆಯನ್ನು ನೋಡುವವರು ಇಬ್ಬರಾದರು.

20 ಮಾರ್ಚ್

ಜಿಲ್ಲೆಯಲ್ಲಿ ಪಕ್ಷ ನೋಡಿಕೊಳ್ಳುವ ಬಾಳಾಸಾಬ ಬಂದಿದ್ದ. ನಮ್ಮವರಿಗೆ ತಮ್ಮನ ಹಾಗಿದ್ದವನು, ನನ್ನನ್ನು ವೈನಿ ಎನ್ನುತ್ತಾನೆ. ಕೈಯಲ್ಲಿ ಮೂರು ಗೆರೆ ಎಳೆದ ಕಾಗದ, ವಿಪ್ ಎನ್ನುವುದು. ಇಪ್ಪತ್ತೈದಕ್ಕೆ ಒಂದು ವಿಧೇಯಕ ಮತಕ್ಕೆ ಬರುತ್ತದೆ. ಪಕ್ಷದವರಲ್ಲೇ ಹಲವರು ಮುನಿಸಿಕೊಂಡಿದ್ದಾರೆ, ಒಬ್ಬನೂ ತಪ್ಪಬಾರದೆಂದು ಪಕ್ಷದ ಆಜ್ಞೆ.

"ಅವಗ ಸಭಾನ ರಜಾ ಕೊಟ್ಟೈತಲ್ಲೋ."

"ರಜಾ ಕೊಟ್ಟದ್ದು ಸಭಾ, ವಿಪ್ ಕೊಟ್ಟದ್ದು ಪಾರ್ಟಿ. ಎರಡು ವರ್ಷದ ಹಿಂದ ಹೊಸಾ ಕಾಯದೆ ಬಂದೈತಿ ವೈನಿ. ಬರಲಿಲ್ಲಂದ್ರ ಜಾಗಾ ಹೋತು. ಸ್ಟ್ರೆಚರ್ ಮ್ಯಾಲ ತರ್ರಿ, ಬಾಜಾ ಹಚ್ಚಿ ತರ್ರಿ, ಒಟ್ಟು ತರ್ರಿ."

"ಮಾತಾಡೂದು ಇರತೈತೇನು?"

"ಏನಿಲ್ರಿ. ಪರ ಅಂದಾಗ ಎದ್ದು ನಿಂದ್ರೂದು, ಎಣಿಸಿಕೊಳ್ಳೂದು, ಕುಂದ್ರೂದು. ಇವ ಏಳೂದೂ ಬ್ಯಾಡ, ಕಾಲ ಮುರದೈತಿ, ಕೈ ಎತ್ತಿದ್ರ ಮುಗೀತು. ದೇವರು ಒಳ್ಳೇ ಟೈಮಿಗೆ ಮುರದಾನ!" ಎಂದು ನಕ್ಕ.

ನನಗೂ ಅದು ಸರಿ ಕಂಡಿತು. ಮಾತಾಡದೆಯೇ ಅವನು ಮತ್ತೆ ತನ್ನ ಜಾಗದಲ್ಲಿ ಕೂತ ಹಾಗಾಗುತ್ತದೆ. ಒಂದು ಸಲ ಕೂತರೆ ಹೆದರಿಕೆ ಹೋಗುತ್ತದೆ.

ಬಾಳಾಸಾಬ ಹೋದ ಮೇಲೆ ಮಹಾನಂದಾ ನನ್ನ ಎದುರಿಗೇ ಬಂದು ನಿಂತು ಹೇಳಿದಳು. "ಒಯ್ಯಬ್ಯಾಡ್ರಿ ಅಂತ ನಾ ಹೇಳಂಗಿಲ್ರಿ. ಹೇಳಿದ್ರ ನೀವು ಕೇಳಂಗಿಲ್ಲ. ಅವರನ್ನ ಒಂದು ಮಾತು ಕೇಳ್ರಿ. ಹೋಗ್ತೀಯೇನಪಾ ಅಂತ."

ಕೇಳಬೇಕಾದದ್ದೇನಿದೆ? ಕೇಳಲಿಲ್ಲ.

ಬೆಂಗಳೂರು, 24 ಮಾರ್ಚ್

ಶಾಸಕರ ಭವನದ ಕೋಣೆ. ಅವನನ್ನು ರೈಲಿನ ಹಲಗೆಯ ಮೇಲೆ ಮಲಗಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಮಹಾನಂದಾ ದಬ್ಬೆಯ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹರಿಹರ ದಾಟಿದ ಮೇಲೆ, ನನಗೆ ಕೊಡು ಎಂದೆ. ಕೊಟ್ಟಳು. ಅಷ್ಟು ಹಗುರವಿರುತ್ತದೆಂದು ತಿಳಿದಿರಲಿಲ್ಲ.

25 ಮಾರ್ಚ್

ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ.

ಪ್ರೇಕ್ಷಕರ ಗ್ಯಾಲರಿಗೆ ಪಾರಿಸ ಚೀಟಿ ತಂದಿದ್ದ. ನಮ್ಮವರು ಹದಿನಾಲ್ಕು ವರ್ಷ ಇಲ್ಲಿದ್ದರೂ ನಾನು ಒಳಗೆ ಕಾಲಿಟ್ಟದ್ದು ಇದೇ ಮೊದಲು. ಕಾಳಿನ ಸಾಲು ಇಟ್ಟು ತೋರಿಸಿದ ಹಾಗೆಯೇ ಇದೆ. ಅವರು ಹೇಳದೆ ಇದ್ದದ್ದು ಸದ್ದು. ಒಬ್ಬರು ಮಾತಾಡುವಾಗ ಹತ್ತು ಮಂದಿ ಮಾತಾಡುತ್ತಾರೆ. ಆ ಸದ್ದಿನ ತಳದಲ್ಲಿ, ಹಿಂದಿನ ಸಾಲಿನಲ್ಲಿ, ಬಾಬುನನ್ನು ಗಾಲಿ ಕುರ್ಚಿಯಿಂದ ಇಳಿಸಿ ಕೂಡಿಸಿದ್ದರು. ದಬ್ಬೆಯ ಕಾಲು ಸಾಲಿನ ನಡುವಿನ ದಾರಿಗೆ ಚಾಚಿತ್ತು. ಹೋಗುವವರು ದಾಟಿಕೊಂಡು ಹೋಗುತ್ತಿದ್ದರು. ಒಬ್ಬ ಬಾಗಿ ಬೆನ್ನು ತಟ್ಟಿದ. ಅವತ್ತು ನಕ್ಕವನೂ ಇರಬಹುದು.

ಸಭಾಧ್ಯಕ್ಷರು ಬಾಯಿಮಾತಿನ ಮತ ಕೇಳಿದರು. ವಿರೋಧಿಗಳು ತಲೆ ಎಣಿಸಲೇಬೇಕೆಂದು ಪಟ್ಟು ಹಿಡಿದರು. ಗಂಟೆ ಬಡಿಯಿತು, ಹೊರಗಿದ್ದವರು ಓಡಿ ಬಂದರು, ಬಾಗಿಲು ಹಾಕಿದರು. ಪರವಾಗಿ ಇರುವವರು ಸಾಲು ಸಾಲಾಗಿ ಎದ್ದು ನಿಲ್ಲಬೇಕು ಎಂದರು. ಎಣಿಸುವವರು ಒಂದೊಂದೇ ಸಾಲು ಎಣಿಸುತ್ತ ಬಂದು ಅವನ ಸಾಲು ಮುಟ್ಟಿದರು.

"ಗಾಯಗೊಂಡ ಮಾನ್ಯ ಸದಸ್ಯರು ಕುಳಿತೇ ಕೈ ಎತ್ತಬಹುದು" ಎಂದರು ಸಭಾಧ್ಯಕ್ಷರು.

ಬಾಬು ಎದ್ದ. ಮುಂದಿನ ಮೇಜಿಗೆ ಎರಡೂ ಕೈ ಊರಿ, ದಬ್ಬೆಯ ಕಾಲು ಎಳೆದುಕೊಂಡು, ಪೂರಾ ಎದ್ದು ನಿಂತ. ಮೇಜು ಬಡಿದು ಕೆಲವರು ಶಭಾಶ್ ಎಂದರು. ಅವನ ಗಂಟಲು ಆಡುವುದು ನನಗೆ ಅಷ್ಟು ಎತ್ತರದಿಂದಲೂ ಕಂಡಿತು. ಸದ್ದು ಒಂದಿಷ್ಟು ಇಳಿದಾಗ ದನಿ ಬಂತು.

"ಸಭಾಧ್ಯಕ್ಷರ, ನನ್ನ ಕಾಲು ಮುರದಿಲ್ರಿ. ಅವತ್ತ ಮಾತು ಬರಲಿಲ್ಲ, ಅದಕ್ಕ ಮನಿಗೆ ಹ್ವಾದೆ. ನನಗ ಆರಾಮಿಲ್ರಿ. ಎಲ್ಲಿ ಆರಾಮಿಲ್ಲ ಅನ್ನೂದು ನನಗ ತಿಳೀವಲ್ದು."

ಯಾರೋ ನಕ್ಕರು. ಎದುರಿನವರು, ಸಭೆಗೆ ಸುಳ್ಳು ಹೇಳಿದ್ದಾರೆ ಎಂದು ಕೂಗಿದರು. ಎಲ್ಲರೂ ಎದ್ದರು. ಸಭಾಧ್ಯಕ್ಷರು ಎದ್ದು ಗಂಟೆ ಬಾರಿಸಿದರು. "ಮತ ಎಣಿಕೆಯ ಸಮಯದಲ್ಲಿ ಯಾರೂ ಮಾತನಾಡುವಂತಿಲ್ಲ. ಈಗ ಆಡಿದ ಯಾವ ಮಾತೂ ಕಡತಕ್ಕೆ ಹೋಗುವುದಿಲ್ಲ."

ಎಣಿಸುವವನು ಬಾಬುನನ್ನು ಎಣಿಸಿಕೊಂಡು ಮುಂದಿನ ಸಾಲಿಗೆ ಹೋದ. ವಿಧೇಯಕ ಮೂವತ್ತೊಂದು ಮತದಿಂದ ಗೆದ್ದಿತು. ಅವನ ಒಂದು ಮತ ಇಲ್ಲದಿದ್ದರೂ ಗೆಲ್ಲುತ್ತಿತ್ತು.

ನನ್ನ ಪಕ್ಕದಲ್ಲಿ ಮಹಾನಂದಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಾನು ಅವಳ ಕೈ ಹಿಡಿದಿದ್ದೆನೋ, ಅವಳು ನನ್ನದು ಹಿಡಿದಿದ್ದಳೋ ತಿಳಿಯದು.

26 ಮಾರ್ಚ್

ಸಭೆಯ ವರದಿಗಾರರ ಕಚೇರಿಗೆ ಹೋಗಿ ನಿನ್ನೆಯ ಕಡತ ಓದಿಸಿಕೊಂಡು ಬಾ ಎಂದು ಪಾರಿಸನಿಗೆ ಹೇಳಿದೆ. ಅದರಲ್ಲಿ ಎಣಿಕೆ ಮಾತ್ರ ಇದೆಯಂತೆ. ಪರ ಇಷ್ಟು, ವಿರೋಧ ಇಷ್ಟು, ನಡುವೆ 'ಗೊಂದಲ' ಎಂದು ಒಂದು ಶಬ್ದ.

"ಫೆಬ್ರವರಿ ಹದಿನೇಳರದು?"

"ಅದು ಹಂಗ ಐತ್ರಿ ಅಕ್ಕಾರ. ಎಡಗಾಲಿನ ಎಲುಬು ಮುರಿದಿರುವುದರಿಂದ ಅಂತ."

ನನ್ನ ಮಾತು ಉಳಿದಿದೆ, ಅವನದು ಇಲ್ಲ. ಅವನು ಆಡಿದ್ದನ್ನು ನಿನ್ನೆ ಬಿಡದೆ ಬರೆದಿಟ್ಟದ್ದು ಒಳ್ಳೆಯದಾಯಿತು. ಇನ್ನೊಮ್ಮೆ ಓದಿ ನೋಡಿದೆ. ಒಂದು ಶಬ್ದವೂ ಬಿಟ್ಟಿಲ್ಲ.

ಸತ್ತಿ, 29 ಮಾರ್ಚ್

ಹಾಲಸಿದ್ದ ದಬ್ಬೆ ಬಿಚ್ಚಿದ. ಬಿಸಿನೀರು ಹಾಕಿ ಹಿಟ್ಟು ನೆನೆಸುತ್ತ ಬಹಳ ಹೊತ್ತು ತೆಗೆದುಕೊಂಡ. ಒಳಗಿನ ಕಾಲು ಬೇರೆ ಯಾರದೋ ಕಾಲಿನ ಹಾಗಿತ್ತು. ಮೀನಖಂಡ ಇಲ್ಲವಾಗಿದೆ, ಹಿಮ್ಮಡಿಯ ಹತ್ತಿರ ಎರಡು ಹುಣ್ಣು. ಇಳಿಸಿ ನಿಲ್ಲಿಸಿದರೆ ಮಡಚಿಕೊಂಡಿತು.

"ಬರತೈತ್ರಿ, ನಡದಂಗ ನಡದಂಗ ಬರತೈತಿ. ಪೂರಾ ಬರತೈತಿ ಅಂತ ಹೇಳಂಗಿಲ್ರಿ" ಎಂದ ಹಾಲಸಿದ್ದ. ನಾನು ಹುಣ್ಣು ತೊಳೆದೆ.

3 ಏಪ್ರಿಲ್

ಮಿರಜಕ್ಕೆ ಹೋಗಿದ್ದೆವು, ಮಹಾನಂದಾ ಹೇಳಿದ ಡಾಕ್ಟರ ಹತ್ತಿರ. ಎರಡು ತಾಸು ಬಾಕಿನ ಮೇಲೆ ಕೂತೆವು. ನಾನು ಅಂದಂತೆಯೇ ಅಥಣಿಯವರು ಇದ್ದರು, ಕಾಗವಾಡದವರು ಇದ್ದರು. ಪರಿಚಯದ ಹೆಣ್ಣುಮಗಳು ಒಬ್ಬಳು ಬಂದು, "ಸಾಹೇಬ್ರ ಕಾಲ ಹ್ಯಾಂಗೈತ್ರಿ ಬಾಯಿಯವರ? ಇದು ಎಲುಬಿನ ದವಾಖಾನಿ ಅಲ್ಲಲ್ರಿ?" ಎಂದಳು.

"ಅಲ್ಲ" ಎಂದೆ. ಅವಳು ತನ್ನ ಗಂಡನ ಕಥೆ ಹೇಳತೊಡಗಿದಳು. ಅವನೂ ಆರು ತಿಂಗಳಿಂದ ಮಾತು ಬಿಟ್ಟಿದ್ದಾನಂತೆ.

ಡಾಕ್ಟರು ಮರಾಠಿಯಲ್ಲಿ ಮಾತಾಡಿದರು. ಗುಳಿಗೆ ಕೊಟ್ಟಿದ್ದಾರೆ. ಎಷ್ಟು ದಿನ ಎಂದು ನಾನು ಕೇಳಿದ್ದಕ್ಕೆ, ಆಯಿ, ಎರಡು ತಿಂಗಳು ಮೊದಲು ಬಂದಿದ್ದರೆ ಹೇಳುತ್ತಿದ್ದೆ ಎಂದರು.

8 ಏಪ್ರಿಲ್

ಬಾಬು ಮಹಾನಂದಾಳ ಹತ್ತಿರ ಕಾಗದ, ಪೆನ್ನು ಕೇಳಿ ಪಡೆದು ತನ್ನ ಕೈಯಿಂದ ಎರಡು ಸಾಲು ಬರೆದ. ಸಭಾಧ್ಯಕ್ಷರಿಗೆ. ಪಾರಿಸ ಅದನ್ನು ಒಯ್ದ. ಏನು ಬರೆದಿದ್ದಾನೆಂದು ಪಾರಿಸ ಹೇಳಿದ, ನಾನು ಓದಲಿಲ್ಲ.

12 ಏಪ್ರಿಲ್

ಬಾಳಾಸಾಬ ಸಿಟ್ಟಿನಲ್ಲಿ ಬಂದ, ಚಹಾ ಕುಡಿದು ತಣ್ಣಗಾದ. ಪಡಸಾಲೆಗೆ ಈಗ ಬೇರೆ ಯಾರೂ ಬರುವುದಿಲ್ಲ. ಕುರ್ಚಿಗಳೆಲ್ಲ ಖಾಲಿ ಇದ್ದವು.

"ವೈನಿ, ರಾಜೀನಾಮೆ ಮನಸಾರೆ ಕೊಟ್ಟದ್ದು ಅಂತ ಖಾತ್ರಿ ಆಗೂ ತನಕ ಸಭಾಧ್ಯಕ್ಷರು ಒಪ್ಪಂಗಿಲ್ಲ. ನಾಳೆ ಅವರ ಕಚೇರಿಯಿಂದ ನಿಮಗ ಫೋನ್ ಬರತೈತಿ. ನೀವು ಒಂದ ಮಾತು ಹೇಳ್ರಿ. ಹುಡುಗನ ತಲಿ ಸರಿ ಇಲ್ಲ, ತಿಳೀದ ಬರದಾನ, ಗುಳಿಗಿ ತಗೊಳ್ಳಾಕತ್ತಾನ ಅನ್ರಿ. ಮುಗೀತು. ಕಾಗದ ಕಸದಾಗ. ಜಾಗಾ ನಮ್ಮದ ಉಳೀತು."

"ಆಮ್ಯಾಲೆ?"

"ಆಮ್ಯಾಲೆ ರಜಾ ಹಾಕ್ಕೋತ ಹೋಗೂಣು. ಈ ಸಲ ಖರೇ ಕಾರಣ ಐತಲ್ಲ."

ಒಂದೂವರೆ ತಿಂಗಳು ಯಾರ ಕಿವಿಗೂ ಬೀಳದ ಹಾಗೆ ಕಾಲಿಗೆ ದಬ್ಬೆ ಕಟ್ಟಿ ಮುಚ್ಚಿಟ್ಟ ಮಾತದು. ಈಗ ಅದನ್ನು ಹೇಳಿದರೆ ಸಾಕು, ನಮ್ಮವರ ಜಾಗ ಉಳಿಯುತ್ತದೆ. ಹೇಳುವುದು ಸುಳ್ಳೂ ಅಲ್ಲ.

ವಿಚಾರ ಮಾಡುತ್ತೇನೆ ಎಂದೆ.

13 ಏಪ್ರಿಲ್

ಹನ್ನೊಂದರ ಸುಮಾರಿಗೆ ಫೋನ್ ಬಂತು. ಸಭಾಧ್ಯಕ್ಷರ ಕಾರ್ಯದರ್ಶಿ, ಮೃದುವಾಗಿ ಮಾತಾಡುವವರು. "ಅಮ್ಮ, ಮನೆಯಲ್ಲಿ ಹಿರಿಯರು ನೀವು. ಈ ರಾಜೀನಾಮೆ ನಿಮ್ಮ ಮಗ ಸ್ವಂತ ಇಚ್ಛೆಯಿಂದ ಬರೆದದ್ದೇ? ಅವರ ಮನಸ್ಸು ಸ್ವಸ್ಥವಾಗಿದೆಯೇ?"

ಹೇಳಬೇಕಾದ ಮಾತು ನಾಲಿಗೆಯ ಮೇಲಿತ್ತು. ಅವನು ಅಂಗಳದಲ್ಲಿ ಕೋಲು ಊರಿ ಬಾವಿಯ ತನಕ ಹೋಗಿ ತಿರುಗಿ ಬರುತ್ತಿದ್ದ. ದಿನಕ್ಕೆ ಹತ್ತು ಸಲ ನಡೆಯಬೇಕೆಂದು ಹಾಲಸಿದ್ದ ಹೇಳಿದ್ದಾನೆ. ನಾನು ಕಿಟಕಿಯಿಂದ ಕರೆದೆ. ಬಂದ.

"ಬಾಬು, ಬೆಂಗಳೂರಿನವರು ಕೇಳಾಕತ್ತಾರ. ಏನ್ ಹೇಳ್ಲಿ?"

ಅವನು ನನ್ನನ್ನೇ ನೋಡಿದ. ಕೈ ಚಾಚಿದ. ಫೋನು ಕೊಟ್ಟೆ.

ಕಿವಿಗೆ ಹಿಡಿದ. ಆ ಕಡೆಯಿಂದ ಹಲೋ, ಹಲೋ ಎಂಬುದು ನನಗೂ ಕೇಳುತ್ತಿತ್ತು. ಅವನ ಗಂಟಲು ಆಡಿತು. ಮತ್ತೆ ಆಡಿತು. ನಾನು ಕಿತ್ತುಕೊಂಡು ಎರಡು ಮಾತು ಹೇಳಬಹುದಿತ್ತು, ಯಾವ ಎರಡು ಮಾತಾದರೂ. ಕೈ ಹಿಂದೆ ಕಟ್ಟಿ ನಿಂತೆ. ಹಲೋ ಎನ್ನುವುದು ನಿಂತಿತು. ಆ ಕಡೆಯವರೂ ಕಾಯುತ್ತಿದ್ದರು.

"ನಾನ ಬರದೇನ್ರಿ" ಎಂದ ಬಾಬು. "ಯಾರೂ ಹೇಳಿಲ್ರಿ."

ಅವರು ಇನ್ನೇನೋ ಕೇಳಿದರು. "ಇಲ್ರಿ, ಆರಾಮಿಲ್ರಿ. ಆದ್ರ ಅದು ಬ್ಯಾರೆ, ಇದು ಬ್ಯಾರೆ" ಎಂದ. ಮುಂದಿನದು ನನಗೆ ಕೇಳಲಿಲ್ಲ. ಮಹಾನಂದಾ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

ನಮ್ಮವರ ಜಾಗ ಇವತ್ತೋ ನಾಳೆಯೋ ಖಾಲಿಯಾಗುತ್ತದೆ. ಆರು ತಿಂಗಳೊಳಗೆ ಬೇರೆ ಯಾರೋ ಬರುತ್ತಾರೆ. ಹಿಂದಿನ ಸಾಲಿನಲ್ಲೇ ಕೂಡಿಸುತ್ತಾರೆ, ಹೊಸಬರಲ್ಲವೇ.

ಅವರು ಫೋನ್ ಇಟ್ಟ ಮೇಲೂ ಬಾಬು ಕಿವಿಗೆ ಹಿಡಿದೇ ನಿಂತಿದ್ದ. ಎಡಗಾಲು ನಡುಗುತ್ತಿತ್ತು. ಸ್ಟೂಲು ತಂದು ಅವನ ಹಿಂದೆ ಇಟ್ಟೆ. ಕೂಡು ಎಂದು ಹೇಳಲಿಲ್ಲ.